ಅಡಿವೆಪ್ಪ ನಂಬರ್ ಸರಿಮಾಡಿದ್ದು

ಧಾರವಾಡದ ಒಂದು ಓಣಿಯಲ್ಲಿ ಕಸ್ತೂರೆವ್ವ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗನಿದ್ದ. ಇದ್ದ ಅಂದರೆ ಇದ್ದ, ಅಷ್ಟೇ. ಹೆಸರು ಅಡಿವೆಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ಗುಣ, ಅದೇ ಅವ್ವನ ಗೋಳು.

ಕಸ್ತೂರೆವ್ವ ಪಿಎಚ್‌ಡಿ ಪ್ರಬಂಧ ಟೈಪು ಮಾಡಿಕೊಡುವ ಅಂಗಡಿ ಇಟ್ಟಿದ್ದಳು. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ಮಂಜಾಗುತ್ತಿತ್ತು. ಬರುವ ಕಣ್ಣಿನ ಶಿಬಿರದಲ್ಲೇ ಆಪರೇಷನ್ ಆಗಬೇಕು, ತಪ್ಪಿದರೆ ಅದೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದರೆ ಅಂಗಡಿ ನೋಡುವವರು ಯಾರು? ಅಡಿವೆಪ್ಪ! ನೆನೆದರೆ ಅವಳಿಗೆ ಅಳುವೇ ಬರುತ್ತಿತ್ತು. ಆದರೂ ಕಲಿಸತೊಡಗಿದಳು.

ನಿಜಗುಣ ಮಾಸ್ತರರು ಹಳೇ ಬಾವಿಗಳ ಮೇಲಿನ ಪ್ರಬಂಧ ತಂದರು. ಪುಟಪುಟಕ್ಕೂ ಬಾವಿಯ ಚಿತ್ರ, ಚಿತ್ರದ ಕೆಳಗೆ ನಂಬರು. "ಮೂರನೇ ಚಿತ್ರ ಬ್ಯಾಡ, ತಗೀಪಾ" ಅಂದರು. ಅಡಿವೆಪ್ಪ ತೆಗೆದ. ಸಂಜೆ ಅವ್ವ ಪರದೆಗೆ ಮೂಗು ಹಚ್ಚಿ ನೋಡುತ್ತಾಳೆ: ಒಂದು, ಎರಡು, ನಾಲ್ಕು, ಐದು!

"ಏ ಅಡಿವ್ಯಾ! ಮೂರು ಎಲ್ಲೋ?"

"ತಗೀ ಅಂದ್ರು, ತಗದೆ."

"ಮೂರು ಹೋದ್ರ ನಾಕು ಮೂರಾಗಬೇಕೋ ಹುಚ್ಚಾ!"

"ಹಂಗ ಮಾಡ್ತೀನವ್ವಾ."

ಹಾಗೇ ಮಾಡಿದ. ಪ್ರಬಂಧದಲ್ಲಿ ಇದ್ದಬದ್ದ ನಾಲ್ಕನ್ನೆಲ್ಲ ಮೂರು ಮಾಡಿದ. ನಲವತ್ತು ಅಡಿ ಬಾವಿ ಮೂವತ್ತು ಅಡಿಗೆ ಬಂತು, ಹದಿನಾಲ್ಕು ಮೆಟ್ಟಿಲು ಹದಿಮೂರಾದವು. ಮೊದಲ ಪುಟದಲ್ಲಿದ್ದ ಮಾಸ್ತರರ ಫೋನ್ ನಂಬರೂ ಉಳಿಯಲಿಲ್ಲ. ಮಾಸ್ತರರು ಕುಣಿದಾಡಿದರು. ಅವ್ವ ತಲೆ ಚಚ್ಚಿಕೊಂಡಳು.

"ನೀನ ಹೇಳಿದ್ಯಲ್ಲವ್ವಾ, ನಾಕು ಮೂರಾಗಬೇಕಂತ!"

"ಇನ್ನ ನಂಬರಿಗೆ ಕೈ ಹಚ್ಚಬ್ಯಾಡ! ಚಿತ್ರಕ್ಕ ಕ್ಯಾಪ್ಶನ್ ಅಂತ ಕೊಡು, ಕಂಪ್ಯೂಟರ ತಾನ ಎಣಿಸ್ತೈತಿ."

"ಹಂಗ ಮಾಡ್ತೀನವ್ವಾ."

ಕೂತು ಎಲ್ಲ ಚಿತ್ರಕ್ಕೂ ಕ್ಯಾಪ್ಶನ್ ಕೊಟ್ಟ. ಅದು ಸರಿಯಾಯಿತು. ಆಮೇಲೆ ಮಾಸ್ತರರು ಬಂದು ಒಂದು ಬಾವಿಯನ್ನು ಹಿಂದಿನಿಂದ ಮುಂದಕ್ಕೆ ತರಿಸಿದರು. ನಂಬರು ಒಂದು, ಐದು, ಎರಡು ಅಂತ ನಿಂತಿತು. ಅಡಿವೆಪ್ಪ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಪರದೆ ನೋಡುತ್ತ ಕೂತ. ಬೆಳಗಿನಿಂದ ಸಂಜೆತನಕ ಕೂತ.

"ಏನ್ ಮಾಡಾಕತ್ತೀಯೋ?"

"ತಾನ ಎಣಿಸ್ತೈತಂದಿ. ಇನ್ನೂ ಎಣಿಸವಲ್ದು."

ಕಸ್ತೂರೆವ್ವನಿಗೆ ಸಿಟ್ಟು ಬರಬೇಕಿತ್ತು, ದುಃಖ ಬಂತು. ಅವನ ಬೆರಳು ಹಿಡಿದು ಕೀಬೋರ್ಡಿನ ಎಫ್ ಒಂಬತ್ತು ಎಂಬ ಗುಂಡಿಯ ಮೇಲೆ ಇಟ್ಟಳು. "ಎಲ್ಲಾ ಒಮ್ಮೆಲೆ ಆರಿಸಿಕೊಂಡು ಇದನ್ನ ಒತ್ತು. ಸರಿಯಾಗ್ತೈತಿ. ಒಂದು ಹೋತಂದ್ರ ಅದರ ಹಿಂದಿನವೆಲ್ಲಾ ಒಂದೊಂದು ಮುಂದ ಬರಬೇಕು, ನಡುವ ಖಾಲಿ ಇರಬಾರದು. ನನ್ನ ಕೇಳಾಕ ಕಾಯಬ್ಯಾಡಪಾ. ನನಗ ಕಾಣ್ಸೂದಿಲ್ಲ. ನೀನ ನೋಡು, ನೀನ ಸರಿ ಮಾಡು."

ಒತ್ತಿದ. ನಂಬರುಗಳು ಸಾಲಾಗಿ ನಿಂತವು! ಮಾಸ್ತರರು ಎರಡು ಚಿತ್ರ ತೆಗೆಸಿದರು, ಒತ್ತಿದ, ಸರಿಯಾಯಿತು. ಒಂದು ಸೇರಿಸಿದರು, ಒತ್ತಿದ, ಸರಿಯಾಯಿತು. ಪ್ರಬಂಧ ಹೊತ್ತುಕೊಂಡು ಮಾಸ್ತರರು ನಗುತ್ತ ಹೋದರು. ಮಗ ಅಂಗಡಿ ನಡೆಸಬಲ್ಲ ಎಂದು ಕಸ್ತೂರೆವ್ವನಿಗೆ ಅಂದು ಮೊದಲ ಸಲ ಅನ್ನಿಸಿತು. ಶಿಬಿರಕ್ಕೆ ಹೆಸರು ಬರೆಸಿದಳು.

ಆಸ್ಪತ್ರೆಯಲ್ಲಿ ಸಾಲಾಗಿ ಮಂಚ. ಎಲ್ಲರ ಹಣೆಗೂ ನಂಬರು ಬರೆದ ಬಿಳಿ ಪಟ್ಟಿ ಅಂಟಿಸಿದ್ದರು. ಕಸ್ತೂರೆವ್ವನದು ಏಳು. ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡು ಮಲಗಿ ಅಂದರು. ಅಂದು ಅವಳು ಮಗನಿಗೆ ಒಂದು ಮಾತೂ ಹೇಳಲಿಲ್ಲ. ಕಲಿತಿದ್ದಾನಲ್ಲ ಅಂದುಕೊಂಡಳು.

ಮೂರನೇ ಮಂಚದ ಮುದುಕ ಹೆದರಿ, ಚಪ್ಪಲಿ ಮೆಟ್ಟಿ ಮನೆಗೆ ಹೋಗಿಬಿಟ್ಟ. ಅಡಿವೆಪ್ಪ ನೋಡಿದ: ಒಂದು, ಎರಡು, ನಾಲ್ಕು, ಐದು! ಅವ್ವನನ್ನು ಕೇಳಲು ಕಾಯಲಿಲ್ಲ. ಜೇಬಿನಿಂದ ಪೆನ್ನು ತೆಗೆದು ಹಣೆಯಿಂದ ಹಣೆಗೆ ಹೋದ. ನಾಲ್ಕನ್ನು ಮೂರು ಮಾಡಿದ, ಐದನ್ನು ನಾಲ್ಕು ಮಾಡಿದ. ಅವ್ವನ ಏಳನ್ನು ಆರು ಮಾಡಿದ. ಮಲಗಿದವರು ನರ್ಸಮ್ಮನೇ ಇರಬೇಕು ಅಂದುಕೊಂಡು ಸುಮ್ಮನಿದ್ದರು.

ನರ್ಸಮ್ಮ ಬಂದಳು. ಯಾವ ನಂಬರಿನವರಿಗೆ ಏನಿದೆ ಎಂದು ಬರೆದಿದ್ದ ಕಾಗದ ನೋಡಿದಳು, ಕಸ್ತೂರೆವ್ವನ ಹಣೆಯ ಆರು ನೋಡಿದಳು. "ಅಜ್ಜಿ, ನಿಮಗ ಸಕ್ಕರಿ ಭಾಳ ಏರೈತಿ. ಆಪರೇಷನ್ ಆಗೂದಿಲ್ಲ, ಮನೀಗೆ ಹೋಗ್ರಿ." ಕಸ್ತೂರೆವ್ವ ಕೈಮುಗಿದಳು, ಬೇಡಿಕೊಂಡಳು, ಕೊನೆಗೆ ಎದ್ದಳು.

ಮರುದಿನ ಮುಖ ತೊಳೆಯುವಾಗ ಹಣೆಯ ಪಟ್ಟಿ ಕೈಗೆ ತಾಗಿತು. ಎಂದೂ ಇರದ ಸಕ್ಕರೆ ತನಗೆ ಎಲ್ಲಿಂದ ಬಂತು ಅಂತ ಅನುಮಾನವಾಯಿತು.

"ಇದ್ರಾಗ ಏಳಂತ ಐತಲ್ಲೋ?"

"ಆರವ್ವಾ! ಮೂರು ಹೋತಲ್ಲ? ಎಲ್ಲಾರ್ದೂ ಸರಿ ಮಾಡೀನಿ. ನಡುವ ಒಂದೂ ಖಾಲಿ ಬಿಟ್ಟಿಲ್ಲ!"

ಕಸ್ತೂರೆವ್ವ ಮುಖ ಒರೆಸದೆ ಮಗನ ಕೈ ಹಿಡಿದು ಹೊರಟಳು. ಆಟೋ ಹಿಡಿದು ಇಬ್ಬರೂ ಓಡಿದರು. ಶಿಬಿರ ಮುಗಿದಿತ್ತು. ಡಾಕ್ಟರು ದೂರದ ಊರಿಗೆ ಹೊರಟುಹೋಗಿದ್ದರು, ಮಲಗಿದ್ದವರನ್ನು ಗಾಡಿ ಮಾಡಿ ಕಳಿಸಿದ್ದರು.

"ಯಾರದಾರೋ ಒಳಗ?"

"ಯಾರೂ ಇಲ್ಲವ್ವಾ. ಎಲ್ಲಾರೂ ಹೋಗ್ಯಾರ."

ಕಸ್ತೂರೆವ್ವ ಗೋಡೆ ತಡವುತ್ತ ಕೆಳಗೆ ಕೂತಳು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಇನ್ನು ತನ್ನನ್ನು ಇವನೇ ಕೈಹಿಡಿದು ನಡೆಸಬೇಕು ಎಂದು ನೆನೆದು ಅತ್ತಳು.

ಅಡಿವೆಪ್ಪ ಖಾಲಿ ಮಂಚಗಳನ್ನು ನೋಡಿದ. ಒಂದು ಹೋಗಿದೆ, ಎರಡು ಹೋಗಿದೆ, ಮೂರು, ನಾಲ್ಕು, ಐದೂ ಹೋಗಿದೆ! ಪೆನ್ನು ತೆಗೆದ. ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು, ಹಣೆಯ ಮೇಲಿನ ಆರು ಹೊಡೆದುಹಾಕಿ ಒಂದು ಬರೆದ.

"ಅಳಬ್ಯಾಡವ್ವಾ," ಅಂದ. "ಈಗ ನೀನ ಮೊದಲನೇಕಿ."