ಕೂತ ಹುಲಿ

ಒಬ್ಬ ಪಾಳೇಗಾರ ಹುಲಿ ಹೊಡೆದ. ಹೊಡೆದದ್ದು ನಿಜ, ಆದರೆ ಓಡುವ ಹುಲಿಗೆ ಹಿಂದಿನಿಂದ. ಗುಂಡಿನ ತೂತು ಬಾಲದ ಬುಡದಲ್ಲಿತ್ತು.

ತೊಗಲು ಹದ ಮಾಡುವ ಮರಿಸಿದ್ದನನ್ನು ಕರೆಸಿದ. “ಇದಕ್ಕೆ ಹುಲ್ಲು ತುಂಬಿ ಹುಲಿ ಮಾಡು. ಹಬ್ಬಕ್ಕೆ ಬೀಗರು ಬರ್ತಾರೆ. ತೂತು ಅವರ ಕಣ್ಣಿಗೆ ಬಿತ್ತೋ, ನೀನು ಊರು ಬಿಡಬೇಕು.”

ಮರಿಸಿದ್ದ ಉಪ್ಪು, ಪಟಿಕ ತಿಕ್ಕಿದ. ತೂತನ್ನು ಮೂರು ಸಲ ಹೊಲಿದ. ತೊಗಲು ಒಣಗಿ ಬಿಗಿದಾಗ ಮೂರು ಸಲವೂ ಹೊಲಿಗೆ ಬಿಟ್ಟಿತು. ಅವನು ಊರು ಬಿಟ್ಟರೆ ಹೆಂಡತಿಯ ಸಮಾಧಿಗೆ ದೀಪ ಹಚ್ಚುವವರಿರಲಿಲ್ಲ.

ಹಬ್ಬದ ಮುಂಜಾನೆ ಹುಲಿ ಅರಮನೆಗೆ ಬಂತು. ಬಾಯಿ ತೆರೆದು ಠೀವಿಯಿಂದ ಕೂತಿತ್ತು.

“ಹುಲಿ ಯಾಕೋ ಕೂತಿದೆ?” ಪಾಳೇಗಾರ ಗುಡುಗಿದ.

“ನಿಂತರೆ ಸುತ್ತಿ ನೋಡ್ತಾರೆ, ಬುದ್ಧಿ. ಕೂತ ಹುಲಿಗೆ ‘ಏಳು’ ಅನ್ನೋ ಗಂಡು ನಿಮ್ಮ ಬೀಗರಲ್ಲಿ ಯಾರಿದ್ದಾರೆ?”

ಪಾಳೇಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. “ಯಾರು ಕಲಿಸಿದರೋ ಈ ಉಪಾಯ?”

“ತೀರಿಹೋದ ನನ್ನಾಕೆ. ಇದ್ದದ್ದೊಂದೇ ಒಳ್ಳೆ ಸೀರೆ. ಅದರ ಹರಿದ ಕಡೆ ಕೆಳಗೆ ಹಾಕಿ ಕೂತು, ಮದುವೆಮನೆ ಊಟ ಮುಗಿಸಿ ಬರ್ತಿದ್ಲು.”

ಪಾಳೇಗಾರನ ನಗು ನಿಂತಿತು.

“ಎಲ್ಲಿಗೂ ಹೋಗಬೇಡ ಕಣೋ,” ಎಂದ. “ಹರಿದ ಸೀರೆಯಲ್ಲಿ ಬಾಳಿದ ಆ ತಾಯಿ ನನ್ನ ಮಾನ ಮುಚ್ಚಿದಳು.”

ಹಾಗೆಂದು ಕೈ ಮುಗಿದ. ಮರಿಸಿದ್ದನೂ ಮುಗಿದ.