ಗಾಳಿಮಕ್ಕಳು ಕೈ ಬಿಟ್ಟ ದಿನ

ನನಗೆ ಕತೆ ಹೇಳಿ ಅಭ್ಯಾಸವಿಲ್ಲ. ಎಲ್ಲಾದರೂ ತೊದಲಿದರೆ ಮಕ್ಕಳು ಕ್ಷಮಿಸಬೇಕು.

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಹಸಿ ಎಂದರೆ ಒದ್ದೆಯಲ್ಲ, ಹೊಸದು. ಮೇಲೆ ಮೋಡ, ಕೆಳಗೆ ನೆಲ, ನಡುವೆ ಗಾಳಿ. ಗಾಳಿ ಎಂದರೆ ಒಬ್ಬರಲ್ಲ. ಕಣ್ಣಿಗೆ ಕಾಣದಷ್ಟು ಪುಟ್ಟ ಗಾಳಿಮಕ್ಕಳು, ಲೆಕ್ಕವಿಲ್ಲದಷ್ಟು. ಎಲ್ಲರೂ ಕೈ ಕೈ ಹಿಡಿದು ನಿಂತಿದ್ದರು. ಏಕೆ? ಮೋಡದ ಮಗಳು ಮಿಂಚು ಕೆಳಗಿಳಿಯಬಾರದೆಂದು. ಅವಳು ಕೆಟ್ಟವಳಲ್ಲ. ಆದರೆ ಅವಳು ಮುಟ್ಟಿದ್ದೆಲ್ಲ ಸುಡುತ್ತಿತ್ತು.

ಕೆಳಗೆ ಬಯಲಿನಲ್ಲಿ ಟಿಟ್ಟಿಭ ಹಕ್ಕಿ ಮೊಟ್ಟೆಯಿಟ್ಟಿತ್ತು. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ, ನೆಲದ ಮೇಲೇ ಇಡುತ್ತದೆ.

"ಕೈ ಬಿಡಬೇಡಿ ಮಕ್ಕಳೇ, ನನ್ನ ಮರಿಗಳು ಇನ್ನೂ ಹೊರಗೆ ಬಂದಿಲ್ಲ," ಎಂದಿತು ಹಕ್ಕಿ.

"ಬಿಡಲ್ಲ ಅಕ್ಕಾ!"

ಮಿಂಚು ಬಂದು ಗಾಳಿಮಕ್ಕಳ ಮೇಲೆ ಒರಗಿ ತಳ್ಳಿದಳು. "ದಾರಿ ಬಿಡ್ರೋ!"

"ಬಿಡಲ್ಲ ಹೋಗೇ!"

"ನೆಲ ಮುಟ್ಟಿ ಓಡಿ ಬಂದ್ಬಿಡ್ತೀನಿ."

"ನೀನು ಮುಟ್ಟಿದ್ರೆ ನೆಲ ಎಲ್ಲಿರತ್ತೆ? ಬೂದಿ ಇರತ್ತೆ!"

ಮಿಂಚು ಸೋತಳು. ಒರಗಿದ್ದಲ್ಲೇ ಕೈ ಮುಗಿದಳು. "ಆಯ್ತಪ್ಪ, ನಮಸ್ಕಾರ. ಮನೆಗೆ ಹೋಗಿ ಬರ್ತೀನಿ."

ಎಲ್ಲರಿಗಿಂತ ಮೇಲಿದ್ದ ಗಾಳಿಮಗು ಬಲು ಮರ್ಯಾದೆಯದು. ಯಾರಾದರೂ ನಮಸ್ಕಾರ ಎಂದರೆ ತಿರುಗಿ ಕೈ ಮುಗಿಯಬೇಕಲ್ಲವೇ? ಅದೂ ಕೈ ಮುಗಿಯಿತು. ಕೈ ಮುಗಿಯಲು ಎರಡೂ ಕೈ ಬೇಕು.

ಎರಡೂ ಕೈ ಬಿಟ್ಟಿತು!

ಅದರ ಮೊಣಕೈ ತಗುಲಿ ಪಕ್ಕದವರ ಕೈ ಜಾರಿತು. ಅವರು ತಗುಲಿ ಕೆಳಗಿನವರದು, ಅವರು ತಗುಲಿ ಇನ್ನೂ ಕೆಳಗಿನವರದು. ಒರಗಿದ್ದ ಮಿಂಚು ಮುಗ್ಗರಿಸಿ ಬಿದ್ದಳು. "ಹಿಡೀರೋ ನನ್ನ!" ಎಂದು ಅವಳೇ ಚೀರಿದಳು. ಕೈ ಬಿಟ್ಟ ಕಡೆ ಈಚೆ ಹೊರಳಿ, ಆಚೆ ಹೊರಳಿ, ಬಯಲಲ್ಲಿ ಎಲ್ಲಕ್ಕಿಂತ ಎತ್ತರವಾಗಿದ್ದ ತಾಳೆಮರದ ತಲೆಯ ಮೇಲೆ ಬಿದ್ದಳು.



"ನಾನು... ನಮಸ್ಕಾರ ಮಾಡಿದೆ ಅಷ್ಟೇ," ಎಂದಿತು ಆ ಮಗು.

 ತಾಳೆಮರ ಕರಕಲಾಗಿತ್ತು. ಟಿಟ್ಟಿಭ ರೆಕ್ಕೆ ಎತ್ತಿ ನೋಡಿತು. ಮೊಟ್ಟೆಗಳು ಇದ್ದವು, ಬೆಚ್ಚಗೆ.

ಆಗ ಗಾಳಿಮಕ್ಕಳೆಲ್ಲ ಒಟ್ಟಿಗೆ "ಅಯ್ಯಯ್ಯೋ!" ಎಂದು ಕಿರುಚಿ, ಒಬ್ಬರ ಮೇಲೊಬ್ಬರು ಬಿದ್ದು ಮತ್ತೆ ಕೈ ಹಿಡಿದರು. ಬೆಟ್ಟಗಳೂ ಅದುರಿದವು.

ಎಷ್ಟು ಹೇಳಿದರೂ ಅವರಲ್ಲಿ ಯಾರೋ ಒಬ್ಬರು ಇಂದಿಗೂ ಮರೆತು ಕೈ ಮುಗಿಯುತ್ತಾರೆ. ಅದಕ್ಕೇ ಮಿಂಚು ಅಂಕುಡೊಂಕಾಗಿ ಬೀಳುತ್ತಾಳೆ, ಎತ್ತರದ ಮರವನ್ನೇ ಸುಡುತ್ತಾಳೆ, ಹಿಂದೆಯೇ ನೀವು ಗುಡುಗು ಎನ್ನುವ ಆ ಕಿರುಚಾಟ ಕೇಳುತ್ತದೆ. ಬೆಳಕು ಮೊದಲು, ಸದ್ದು ಆಮೇಲೆ ಏಕೆಂದರೆ, ಬೆಳಕಿನ ಕಾಲು ಬಲು ಚುರುಕು, ಸದ್ದಿನ ಕಾಲು... ಬಂದೆ ಕಣೇ, ಬಂದೆ! ಮಹಡಿಯ ಮೇಲೆ ಹಪ್ಪಳ ಒಣಗಿಸಿದ್ದೇವೆ, ಹನಿ ಬೀಳುತ್ತಿದೆಯಂತೆ, ನನ್ನ ಹೆಂಡತಿ ಕರೆಯುತ್ತಿದ್ದಾಳೆ. ಸದ್ದಿನ ಕಾಲು ಏನೆಂದರೆ... ಇರಿ ಮಕ್ಕಳೇ, ಹಪ್ಪಳ ತೆಗೆದು ಬಂದು ಹೇಳುತ್ತೇನೆ.