ನೆಲ ಮುಟ್ಟಿದ ಹುಳ

ಬಸ್ ನಿಲ್ದಾಣದ ಪಕ್ಕದ ವಿಡಿಯೊ ಗೇಮ್ ಅಂಗಡಿಯಲ್ಲಿ ಒಂದು ಹಳೆಯ ಯಂತ್ರವಿತ್ತು. ಅದರ ಪರದೆಯ ಮೇಲಿನಿಂದ ಹುಳಗಳು ಸಾಲಾಗಿ ಇಳಿಯುತ್ತಿದ್ದವು, ಕೆಳಗೆ ನಿಂತ ಫಿರಂಗಿ ಅವನ್ನು ಹೊಡೆದುರುಳಿಸುತ್ತಿತ್ತು.

ಒಂದು ದಿನ ಮುಂದಿನ ಸಾಲಿನ ಹುಳ ರೇಗಿತು. "ಫಿರಂಗಿಯಮ್ಮಾ, ಸತ್ತು ಸತ್ತು ಸಾಕಾಗಿದೆ. ಪಕ್ಕದ ಹೊಸ ಯಂತ್ರದ ರಾಕ್ಷಸನನ್ನು ನೋಡು. ಒಬ್ಬೊಬ್ಬರ ಕೈಯಲ್ಲೂ ಒಮ್ಮೆ ಸತ್ತ, ಕಥೆ ಮುಗಿಯಿತು. ಈಗ ಅವನ ಹತ್ತಿರ ಯಾರೂ ಸುಳಿಯುವುದಿಲ್ಲ. ಎಂಥ ಪುಣ್ಯವಂತ! ನನ್ನನ್ನೂ ಒಮ್ಮೆ ನೆಲ ಮುಟ್ಟಲು ಬಿಡು. ನಾವು ಗೆದ್ದುಬಿಟ್ಟರೆ ಈ ಜನ ಮನೆಗೆ ಹೋಗುತ್ತಾರೆ."

"ನನಗೇನು ಹೊಡೆಯುವ ಚಪಲವೇ? ಇಳಿ ಮಹರಾಯ," ಎಂದು ಫಿರಂಗಿ ಬಾಯಿ ಮುಚ್ಚಿಕೊಂಡಿತು.

ಆಡುತ್ತಿದ್ದ ಹೆಂಗಸು ಗುಂಡಿಯನ್ನು ಎಷ್ಟು ಗುದ್ದಿದರೂ ಗುಂಡು ಹಾರಲಿಲ್ಲ. ಹುಳ ನೆಲ ಮುಟ್ಟಿತು, ಆಟ ಮುಗಿಯಿತು.

"ಥೂ, ಇನ್ನೇನು ಎಲ್ಲವನ್ನೂ ಉರುಳಿಸಿಬಿಡ್ತಿದ್ದೆ! ಇನ್ನೊಂದೇ ಒಂದು ಸಲ," ಎಂದು ಆಕೆ ಪರ್ಸಿಗೆ ಕೈ ಹಾಕಿದಳು.

"ಮೇಡಂ, ಈಗ ನನ್ನ ಸರದಿ. ಬಸ್ ಸೀಟಿಗೆ ಹಾಕೋ ಹಾಗೆ ಕರ್ಚೀಫ್ ಹಾಕಿದೀನಿ, ಕಾಣಲ್ವಾ?" ಎಂದ ಹಿಂದೆ ನಿಂತಿದ್ದ ಕಂಡಕ್ಟರ್.

"ನಿಮ್ಮ ಬಸ್ಸು ಹೊರಟಿತು, ಹೋಗಿ ಸ್ವಾಮಿ!"

"ನಾನಿಲ್ಲದೆ ಅದೆಲ್ಲಿಗೆ ಹೋಗತ್ತೆ? ಸರೀರಿ," ಎಂದು ಆತ ಆಟ ಶುರು ಮಾಡಿಯೇಬಿಟ್ಟ.

ಹುಳ ಕಣ್ಣು ಬಿಟ್ಟಾಗ ಮತ್ತೆ ತನ್ನ ಸಾಲಿನಲ್ಲೇ ನಿಂತಿತ್ತು. "ಗೆದ್ದ ಮೇಲೂ ಬಿಡುಗಡೆ ಇಲ್ಲವೇ?" ಎಂದು ಕಿರುಚಿತು.

"ಆ ರಾಕ್ಷಸ ಅವರನ್ನು ಗೆಲ್ಲಿಸಿ ಕಳಿಸಿದ ಕಣಯ್ಯ. ನೀನು ಸೋಲಿಸಿದೆಯಲ್ಲ, ಇನ್ನೆಲ್ಲಿ ಮನೆಗೆ ಹೋಗುತ್ತಾರೆ?" ಎಂದು ಫಿರಂಗಿ ಗುರಿ ಹಿಡಿಯಿತು.